ಕಡಲು, ಗುಂಪು, ಮನಸ್ಸು: ಲ್ಯಾಟಿನ್ ಭಾಷೆಯ ಕ್ಷೋಭೆಯ ಪದಗಳು

ಕ್ರಿ.ಪೂ. 43ರ ಫೆಬ್ರವರಿ ಆರಂಭದಲ್ಲಿ ರೋಮಿನ ಸೆನೆಟ್ ಒಂದು ಪದಕ್ಕಾಗಿ ಜಗಳಕ್ಕೆ ನಿಂತಿತ್ತು. ಉತ್ತರ ಇಟಲಿಯ ಮುತಿನಾ ಪಟ್ಟಣಕ್ಕೆ (ಇಂದಿನ ಮೊಡೆನಾ) ಮಾರ್ಕ್ ಆಂಟನಿ ಮುತ್ತಿಗೆ ಹಾಕಿದ್ದ. ಒಳಗೆ ಅವನ ಎದುರಾಳಿ ದೆಕಿಮುಸ್ ಬ್ರೂಟಸ್ ಸಿಕ್ಕಿಬಿದ್ದಿದ್ದ. ಈ ಪರಿಸ್ಥಿತಿಯನ್ನು ಏನೆಂದು ಕರೆಯಬೇಕು? ಬೆಲ್ಲುಮ್, ಅಂದರೆ ಯುದ್ಧ ಎಂದೇ ಕರೆಯಬೇಕು ಅನ್ನುವುದು ವಾಗ್ಮಿ, ರಾಜಕಾರಣಿ ಸಿಸೆರೊನ ಹಟ. ಆಂಟನಿಯ ಸೋದರಮಾವ ಲೂಕಿಯುಸ್ ಸೀಸರ್‌ಗೆ ಆ ಮಾತು ಕಟುವೆನಿಸಿತು. ತುಮುಲ್ತುಸ್ ಅಂದರೆ ಸಾಕು ಅಂದ. ಸೆನೆಟ್ ಅದಕ್ಕೇ ಒಪ್ಪಿತು. ಮರುದಿನ ಸಿಸೆರೊ ಎದ್ದು ನಿಂತು, ಇವರಿಗೆ ನಡೆಯುತ್ತಿರುವುದೇನೆಂದು ಗೊತ್ತಿಲ್ಲ, ಸಾಲದ್ದಕ್ಕೆ ಪದಗಳೂ ಗೊತ್ತಿಲ್ಲ ಎಂದು ಹರಿಹಾಯ್ದ.

ಅವನ ವಾದ ಹೀಗಿತ್ತು: ತುಮುಲ್ತುಸ್ ಇಲ್ಲದೆ ಯುದ್ಧ ಇರಬಹುದು, ಆದರೆ ಯುದ್ಧವಿಲ್ಲದೆ ತುಮುಲ್ತುಸ್ ಇರಲು ಸಾಧ್ಯವಿಲ್ಲ. ಹಾಗಾಗಿ ನೀವು ಮೆದು ಎಂದುಕೊಂಡು ಆರಿಸಿದ ಪದವೇ ಹೆಚ್ಚು ಘೋರವಾದದ್ದು. ಇದು ಬರೀ ಮಾತಿನ ಚಮತ್ಕಾರ ಆಗಿರಲಿಲ್ಲ, ಅದರ ಹಿಂದೆ ಕಾನೂನಿತ್ತು. ಸಾಮಾನ್ಯ ಯುದ್ಧದಲ್ಲಿ ಸೈನ್ಯಕ್ಕೆ ಸೇರುವುದರಿಂದ ಕೆಲವರಿಗೆ ವಿನಾಯಿತಿ ಸಿಗುತ್ತಿತ್ತು; ತುಮುಲ್ತುಸ್ ಘೋಷಣೆಯಾದರೆ ಆ ವಿನಾಯಿತಿಗಳೆಲ್ಲ ರದ್ದು. ಅದರ ಜೊತೆಗೇ ಏನೇನು ಆಗಬೇಕೆಂದು ಅದೇ ವರ್ಷದ ಜನವರಿ 1ರಂದು ಸಿಸೆರೊನೇ ಪಟ್ಟಿ ಮಾಡಿದ್ದ: ನ್ಯಾಯಾಲಯಗಳ ಕೆಲಸ ನಿಲ್ಲಬೇಕು, ಜನ ಶಾಂತಿಕಾಲದ ತೋಗಾ ತೆಗೆದಿಟ್ಟು ಸಾಗುಮ್ ಎಂಬ ಸೈನಿಕ ಹೊದಿಕೆ ತೊಡಬೇಕು, ಸೈನ್ಯಕ್ಕೆ ಭರ್ತಿ ಶುರುವಾಗಬೇಕು. ಹಿರಿಯರ ಕಾಲದಲ್ಲಿ ಎರಡೇ ಸಂದರ್ಭಗಳಿಗೆ ಆ ಹೆಸರು ಸಲ್ಲುತ್ತಿತ್ತಂತೆ: ಇಟಲಿಯ ಒಳಗೇ ಎದ್ದ ಕಾಳಗ, ಮತ್ತು ಮಗ್ಗುಲಲ್ಲೇ ಇದ್ದ ಗಾಲ್ ಜನರ ದಾಳಿ. ನಿಘಂಟು ತೆರೆದರೆ ತುಮುಲ್ತುಸ್ ಎದುರು ‘ಗದ್ದಲ, ಗಲಭೆ’ ಎಂದಿರುತ್ತದೆ. ಅದು ಅರ್ಧ ಸತ್ಯ. ರೋಮಿನವನ ಕಿವಿಗೆ ಅದರಲ್ಲಿ ನಮ್ಮ ‘ತುರ್ತುಪರಿಸ್ಥಿತಿ’ಯೂ ಕೇಳಿಸುತ್ತಿತ್ತು.

ಪದದ ಹುಟ್ಟಿನ ವಿಷಯದಲ್ಲಿ ಮಾತ್ರ ಸಿಸೆರೊ ಎಡವಿದ. ತಿಮೋರ್ ಅಂದರೆ ಭಯ. ಹೆಚ್ಚಿನ ಭಯ ಹುಟ್ಟಿಸುವುದರಿಂದಲೇ ತುಮುಲ್ತುಸ್ ಎಂಬ ಹೆಸರು ಬಂತು ಅಂದ. ಇಂದಿನ ಭಾಷಾವಿಜ್ಞಾನಿಗಳು ಅದನ್ನು ತುಮೇರೆ, ಅಂದರೆ ‘ಊದಿಕೊಳ್ಳು, ಉಬ್ಬು’ ಎಂಬ ಕ್ರಿಯಾಪದದ ಜೊತೆ ಇಡುತ್ತಾರೆ. ಆಸ್ಪತ್ರೆಯಲ್ಲಿ ಕೇಳುವ ಟ್ಯೂಮರ್ ಅದೇ ಕ್ರಿಯಾಪದದ ಮಗು. ನಮಗೆ ಗೊತ್ತಿರುವ ಸಂಸ್ಕೃತದ ‘ತುಮುಲ’ವನ್ನೂ ಹಳೆಯ ನಿಘಂಟುಕಾರರು ತುಮುಲ್ತುಸ್ ಪಕ್ಕದಲ್ಲಿಟ್ಟು ಹೋಲಿಸಿದ್ದಾರೆ. ಗೀತೆಯ ಮೊದಲ ಅಧ್ಯಾಯದಲ್ಲಿ ಶಂಖ, ಭೇರಿಗಳು ಒಮ್ಮೆಲೇ ಮೊಳಗಿದಾಗ ಆ ಶಬ್ದ ‘ತುಮುಲ’ವಾಯಿತು ಎಂಬ ಮಾತು ಬರುತ್ತದೆ. ಅಲ್ಲಿ ಅದು ರಣರಂಗದ ಸದ್ದು. ಇಂದು ಕನ್ನಡದಲ್ಲಿ ನಾವು ‘ಮನಸ್ಸಿನ ತುಮುಲ’ ಅನ್ನುತ್ತೇವೆ. ಹೊರಗಿನ ಅಬ್ಬರ ಒಳಗಿನ ತಳಮಳವಾಗುವ ಈ ಪಯಣವನ್ನು ಲ್ಯಾಟಿನ್ನಿನ ಹೆಚ್ಚುಕಡಿಮೆ ಎಲ್ಲ ಕ್ಷೋಭೆಯ ಪದಗಳೂ ಮಾಡಿವೆ.

ಈ ಪದಸಮೂಹ ಅರ್ಥವಾಗಬೇಕಾದರೆ ಹಿಡಿಯಬೇಕಾದ ಎಳೆ ಅದೇ. ಕಡಲಿಗೆ ಒಂದು, ಜನರ ಗುಂಪಿಗೆ ಒಂದು, ಮನಸ್ಸಿಗೆ ಒಂದು ಎಂದು ರೋಮಿನವರು ಬೇರೆ ಬೇರೆ ಪದಗಳನ್ನು ಇಟ್ಟುಕೊಳ್ಳಲಿಲ್ಲ. ಅವೇ ಪದಗಳು ಮೂರು ಕಡೆಯೂ ಓಡಾಡುತ್ತವೆ. ಕನ್ನಡದ ಓದುಗರಿಗೆ ಇದು ಹೊಸತಲ್ಲ. ‘ಕ್ಷೋಭೆ’ ನಮ್ಮಲ್ಲಿ ಹಾಗೇ ಇದೆ: ಕಡಲು ಕ್ಷುಬ್ಧವಾಗುತ್ತದೆ, ಸಮಾಜದಲ್ಲಿ ಕ್ಷೋಭೆ ಏಳುತ್ತದೆ, ಮನಃಕ್ಷೋಭೆಯೂ ಉಂಟು. ಲ್ಯಾಟಿನ್ನಿನಲ್ಲಿ ಹೀಗೆ ಬಳಸುವ ಪದಗಳು ಹತ್ತಾರಿವೆ, ಮತ್ತು ಪ್ರತಿಯೊಂದರ ಅಲುಗಾಟವೂ ಬೇರೆ ಬೇರೆ.

ತುರ್ಬಾ ಎಂಬುದನ್ನು ನೋಡಿ. ಗ್ರೀಕಿನಿಂದ ಬಂದಿರಬಹುದಾದ ಈ ಪದದ ಮೊದಲ ಅರ್ಥ ಗೊಂದಲ, ಕಲಸುಮೇಲೋಗರ. ಆಮೇಲೆ ಅದು ಗೊಂದಲ ಎಬ್ಬಿಸುವ ಗುಂಪಿಗೆ ಹೆಸರಾಯಿತು, ಕೊನೆಗೆ ಬರೀ ಜನಜಂಗುಳಿಗೂ. ಕದಡಿ ರಾಡಿಯಾದ ನೀರು ತುರ್ಬಿದುಸ್. ಕದಡುವ ಕೆಲಸ ತುರ್ಬಾರೆ. ನಾವು ದಿನಕ್ಕೆ ಹತ್ತು ಸಲ ಅನ್ನುವ ಡಿಸ್ಟರ್ಬ್, ಟ್ರಬಲ್ ಎರಡೂ ಇಂಗ್ಲಿಷ್ ಮಾರ್ಗವಾಗಿ ಬಂದ ಇದರ ಸಂತಾನವೇ.

ಅದೇ ಮನೆಯ ತುರ್ಬೋ ನನಗೆ ಎಲ್ಲಕ್ಕಿಂತ ಇಷ್ಟದ ಪದ. ಸುಂಟರಗಾಳಿಗೂ ಅದೇ ಹೆಸರು, ಮಕ್ಕಳ ಬುಗುರಿಗೂ ಅದೇ ಹೆಸರು. ರೋಮಿನ ಕವಿ ವರ್ಜಿಲ್ ತನ್ನ ಮಹಾಕಾವ್ಯ ‘ಈನೀಡ್’ನ ಏಳನೆಯ ಭಾಗದಲ್ಲಿ ಈ ಬುಗುರಿಯನ್ನು ಹತ್ತಿರದಿಂದ ತೋರಿಸುತ್ತಾನೆ. ಮಗಳ ಮದುವೆಯ ವಿಷಯದಲ್ಲಿ ಕೆರಳಿದ ರಾಣಿ ಅಮಾತಾ ಊರೆಲ್ಲ ಹುಚ್ಚೆದ್ದು ಅಲೆಯುತ್ತಾಳೆ. ಅವಳ ಎದೆಗೆ ಅಲ್ಲೆಕ್ತೋ ಎಂಬ ಉಗ್ರದೇವತೆ ಹಾವನ್ನು ಎಸೆದಿದ್ದಾಳೆ. ಅವಳು ಹೇಗೆ ಓಡುತ್ತಿದ್ದಾಳೆ ಅಂದರೆ, ಖಾಲಿ ಅಂಗಳದಲ್ಲಿ ಹುಡುಗರು ಸುತ್ತ ನಿಂತು ಚಾವಟಿಯಿಂದ ಹೊಡೆದು ಓಡಿಸುವ ಬುಗುರಿಯ ಹಾಗೆ. ನಮ್ಮಂತೆ ದಾರ ಸುತ್ತಿ ಎಸೆಯುವ ಬುಗುರಿಯಲ್ಲ ಅದು. ಪ್ರತಿ ಏಟಿಗೂ ವೇಗ ಹೆಚ್ಚಿಸಿಕೊಳ್ಳುವ ಬುಗುರಿ. ಆ ಮರದ ತುಂಡು ಹೇಗೆ ತಿರುಗುತ್ತಿದೆಯೆಂದು ಹುಡುಗರು ಬೆರಗಾಗಿ ನೋಡುತ್ತಾರೆ. ರಾಣಿಯ ಸಂಕಟ ರಾಣಿಯದೇ, ಆದರೆ ತಿರುಗಿಸುವ ಚಾವಟಿ ಬೇರೆಯವರ ಕೈಯಲ್ಲಿದೆ. ತುರ್ಬೋ ಎಂಬ ಒಂದೇ ಪದದಲ್ಲಿ ಬಿರುಗಾಳಿ, ಆಟಿಕೆ ಎರಡೂ ಇರುವುದರಿಂದ ಈ ಹೋಲಿಕೆಗೆ ಲ್ಯಾಟಿನ್ನಿನಲ್ಲಿ ಬರುವ ಬಲ ಅನುವಾದದಲ್ಲಿ ಬರುವುದಿಲ್ಲ. 1822ರಲ್ಲಿ ಫ್ರೆಂಚ್ ಎಂಜಿನಿಯರ್ ಕ್ಲಾಡ್ ಬುರ್ದೆನ್ ನೀರಿನಿಂದ ತಿರುಗುವ ಯಂತ್ರಕ್ಕೆ ಹೆಸರು ಹುಡುಕುವಾಗ ಇದೇ ಪದ ಹಿಡಿದು ‘ಟರ್ಬೈನ್’ ಕಟ್ಟಿದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹರಿಸಿದ ಯಂತ್ರಗಳ ಹೆಸರಿನಲ್ಲಿ ಆ ಬುಗುರಿ ಇದೆ.

ಜನರ ನಡುವಿನ ಒಡಕಿಗೆ ಇನ್ನೊಂದು ಪದ, ಸೇದಿತಿಯೋ. ಇದನ್ನು ಬಿಡಿಸಿದರೆ ‘ಬೇರೆಯಾಗಿ ಹೋಗುವುದು’ ಎಂದಷ್ಟೇ ಬರುತ್ತದೆ. ನಾಗರಿಕರು ಒಬ್ಬೊಬ್ಬರು ಒಂದೊಂದು ಕಡೆಗೆ ಸರಿದು ನಿಲ್ಲುವ ಭಿನ್ನಮತವೇ ಸೇದಿತಿಯೋ ಎಂದು ಸಿಸೆರೊ ವಿವರಿಸಿದ್ದಾನೆ, ಈ ಸಲ ಸರಿಯಾಗಿಯೇ. ಸಾಲದ ಹೊರೆ ತಾಳಲಾರದೆ ರೋಮಿನ ಸಾಮಾನ್ಯ ಜನ ಕ್ರಿ.ಪೂ. 494ರಲ್ಲಿ ಊರು ಬಿಟ್ಟು ಗುಡ್ಡದ ಮೇಲೆ ಹೋಗಿ ಕುಳಿತರೆಂದು ಪರಂಪರೆ ಹೇಳುತ್ತದೆ. ಅವರು ಯಾರನ್ನೂ ಹೊಡೆಯಲಿಲ್ಲ, ಬರೀ ಎದ್ದು ಹೋದರು. ಇಂಗ್ಲಿಷಿನ ಸೆಡಿಶನ್ ಈ ಪದದಿಂದ ಬಂದದ್ದು. 1870ರಲ್ಲಿ ಬ್ರಿಟಿಷರು ನಮ್ಮ ದಂಡಸಂಹಿತೆಗೆ ಸೇರಿಸಿದ 124ಎ ಸೆಕ್ಷನ್ನಿಗೆ ಹೆಸರಾಗಿ ಅದು 1897ರಲ್ಲೂ 1908ರಲ್ಲೂ ತಿಲಕರನ್ನು ಜೈಲಿಗೆ ಕಳಿಸಿತು. ನಾವು ಅದನ್ನು ‘ರಾಜದ್ರೋಹ’ ಎಂದು ಕರೆದೆವು. ಮೂಲ ಪದದಲ್ಲಿ ರಾಜನೂ ಇಲ್ಲ, ದ್ರೋಹವೂ ಇಲ್ಲ. ದೂರ ಸರಿಯುವ ಹೆಜ್ಜೆಯಷ್ಟೇ ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಇಂಗ್ಲಿಷ್ ಪದ ಇಲ್ಲ.

ಕ್ರಾಂತಿಗೆ ಲ್ಯಾಟಿನ್ನಿನಲ್ಲಿ ಒಂಟಿ ಪದವೇ ಇರಲಿಲ್ಲ. ರೇಸ್ ನೋವಾಯ್, ‘ಹೊಸ ಸಂಗತಿಗಳು’, ಅನ್ನುತ್ತಿದ್ದರು. ಗಾಲ್ ಮುಖಂಡ ದುಮ್ನೋರಿಕ್ಸ್‌ನನ್ನು ಜೂಲಿಯಸ್ ಸೀಸರ್ ‘ಹೊಸ ಸಂಗತಿಗಳ ಆಸೆಬುರುಕ’ ಎಂದು ಕರೆದರೆ ಅದು ಹೊಗಳಿಕೆಯಲ್ಲ, ಆಪಾದನೆ.

ಇನ್ನು ಕಡಲಿಗೆ ಬರೋಣ. ಅಲೆಗೆ ಫ್ಲುಕ್ತುಸ್, ಬಿರುಗಾಳಿಗೆ ತೆಂಪೆಸ್ತಾಸ್, ಕಡಲಿನ ನಿಶ್ಚಲತೆಗೆ ತ್ರಾಂಕ್ವಿಲ್ಲಿತಾಸ್. ರಾಜಕೀಯದ ಮಾತು ಬಂದಲ್ಲೆಲ್ಲ ಈ ಮೂರೂ ಹಾಜರಾಗುತ್ತವೆ. ಕಡಲು ಸ್ವಭಾವತಃ ಶಾಂತ, ಗಾಳಿ ಬೀಸಿದಾಗ ಮಾತ್ರ ಕದಡುತ್ತದೆ. ರೋಮಿನ ಜನರೂ ತಮ್ಮಷ್ಟಕ್ಕೆ ಸೌಮ್ಯರು, ಕಿಡಿಗೇಡಿಗಳ ಮಾತು ಬಿರುಗಾಳಿಯಾಗಿ ಅವರನ್ನು ಕೆರಳಿಸುತ್ತದೆ ಎಂದು ಸಿಸೆರೊ ನ್ಯಾಯಾಲಯದಲ್ಲಿ ವಾದಿಸಿದ್ದುಂಟು. ವರ್ಜಿಲ್ ಇದನ್ನೇ ತಿರುವಿ ಹಾಕಿದ. ಅವನ ಕಾವ್ಯದ ಮೊದಲ ದೊಡ್ಡ ಉಪಮೆಯಲ್ಲಿ ಬಿರುಗಾಳಿಯನ್ನು ಸಮುದ್ರದೇವ ನೆಪ್ಚೂನ್ ಅಡಗಿಸುತ್ತಾನೆ. ಜನಸಂದಣಿಯಲ್ಲಿ ದಂಗೆ ಎದ್ದು ಕೊಳ್ಳಿಗಳೂ ಕಲ್ಲುಗಳೂ ಹಾರಾಡುವಾಗ, ಎಲ್ಲರೂ ಗೌರವಿಸುವ ಒಬ್ಬ ಹಿರಿಯ ಕಣ್ಣಿಗೆ ಬಿದ್ದರೆ ಗುಂಪು ಹೇಗೆ ಕಿವಿಗೊಟ್ಟು ನಿಲ್ಲುತ್ತದೋ ಹಾಗೆ ಸಮುದ್ರ ತಣ್ಣಗಾಯಿತಂತೆ. ದಂಗೆಯನ್ನು ಕಡಲಿಗೆ ಹೋಲಿಸುವುದು ವಾಡಿಕೆ. ಇಲ್ಲಿ ಕಡಲನ್ನೇ ದಂಗೆಗೆ ಹೋಲಿಸಿದ್ದಾನೆ. ಅಲ್ಲಿ ಅವನು ಬಳಸಿದ ಪದ ಸೇದಿತಿಯೋ.

ಹೋಲಿಕೆ ಸೊಗಸಾಗಿದೆ, ಆದರೆ ಅದು ಒಂದನ್ನು ಮುಚ್ಚಿಡುತ್ತದೆ. ಕ್ರಿ.ಪೂ. 206ರಲ್ಲಿ ಸ್ಪೇನಿನ ಸೂಕ್ರೋ ನದಿಯ ಬಳಿ ರೋಮಿನ ಸೈನಿಕರು ಬಂಡೆದ್ದರು. ಅವರಿಗೆ ಸಂಬಳ ಹೊತ್ತಿಗೆ ಸರಿಯಾಗಿ ಸಿಕ್ಕಿರಲಿಲ್ಲ. ಸೇನಾಪತಿ ಸ್ಕಿಪಿಯೋ ಅವರನ್ನು ನವ ಕಾರ್ತೇಜ್ ನಗರಕ್ಕೆ ಕರೆಸಿ ಮಾಡಿದ ಭಾಷಣವನ್ನು ಇತಿಹಾಸಕಾರ ಲಿವಿ ಕೊಡುತ್ತಾನೆ. ಗುಂಪು ಎಂಬುದು ಕಡಲಿನಂತೆ ತಾನಾಗಿ ಅಲುಗದು, ಗಾಳಿ ಬೀಸಿದರೆ ಏಳುತ್ತದೆ, ನಿಮ್ಮ ಹುಚ್ಚಿಗೆ ಕಾರಣ ಆ ಗಾಳಿ ಎಬ್ಬಿಸಿದವರು ಎಂಬುದು ಭಾಷಣದ ತಿರುಳು. ಗಾಳಿ ಎಬ್ಬಿಸಿದವರೆಂದು ಗುರುತಿಸಿದ 35 ಮಂದಿಯನ್ನು ಅಲ್ಲೇ ಎಲ್ಲರೆದುರು ಕೊಲ್ಲಿಸಲಾಯಿತು. ಉಳಿದವರು ಮತ್ತೆ ಪ್ರಮಾಣ ಮಾಡಿ ಬಾಕಿ ಸಂಬಳ ಪಡೆದರು. ಕಡಲಿಗೆ ಸಂಬಳ ಬಾಕಿ ಇರುವುದಿಲ್ಲ. ಈ ರೂಪಕ ಜನರನ್ನು ದೋಷಮುಕ್ತರನ್ನಾಗಿ ಮಾಡುವಾಗಲೇ ಅವರ ಬುದ್ಧಿಯನ್ನೂ ಅವರ ನ್ಯಾಯವಾದ ದೂರನ್ನೂ ಕಿತ್ತುಕೊಳ್ಳುತ್ತದೆ. ಲ್ಯಾಟಿನ್ ಪಠ್ಯದಲ್ಲಿ ಜನಸಮೂಹದ ಪಕ್ಕ ಅಲೆ, ಗಾಳಿ ಎಂಬ ಮಾತು ಬಂದಾಗಲೆಲ್ಲ ಓದುಗರು ನಿಂತು, ಆ ಜನ ನಿಜಕ್ಕೂ ಕೇಳುತ್ತಿದ್ದದ್ದು ಏನು ಎಂದು ವಿಚಾರಿಸಬೇಕೆಂದು ನನಗೆ ಅನ್ನಿಸುತ್ತದೆ.

ಸಿಸೆರೊನ ಹುಟ್ಟೂರು ಅರ್ಪೀನುಮ್‌ನಲ್ಲಿ ಗ್ರಾತಿದಿಯುಸ್ ಎಂಬಾತ ಗುಪ್ತ ಮತದಾನದ ಕಾನೂನು ತರಹೊರಟಾಗ ಸಿಸೆರೊನ ತಾತ ಅಡ್ಡ ನಿಂತಿದ್ದ. ಮೊಮ್ಮಗ ಅದನ್ನು ನೆನೆದು, ಗ್ರಾತಿದಿಯುಸ್ ‘ಸೌಟಿನಲ್ಲಿ ಅಲೆ ಎಬ್ಬಿಸುತ್ತಿದ್ದ’ ಎಂಬ ಗಾದೆಮಾತು ಬಳಸುತ್ತಾನೆ. ಅದೇ ಅಲೆಯನ್ನು ಮುಂದೆ ಗ್ರಾತಿದಿಯುಸನ ಮಗ ಏಜಿಯನ್ ಸಮುದ್ರದಲ್ಲೇ ಎಬ್ಬಿಸಿದ ಎಂದೂ ಸೇರಿಸುತ್ತಾನೆ. ನಾವು ‘ಚಹಾ ಕಪ್ಪಿನಲ್ಲಿ ಬಿರುಗಾಳಿ’ ಅನ್ನುತ್ತೇವಲ್ಲ, ಅದಕ್ಕೆ ರೋಮಿನವರದು ನೈವೇದ್ಯದ ಸಣ್ಣ ಸೌಟು. ಜನ ತಮ್ಮ ಮತವನ್ನು ಗುಟ್ಟಾಗಿ ಹಾಕಲು ಬಯಸಿದ್ದು ಇಲ್ಲಿಯೂ ಬರೀ ಅಲೆಯಾಗಿ ಹೋಗಿದೆ.

ಎಲ್ಲರೂ ಈ ಸಿದ್ಧ ರೂಪಕಕ್ಕೆ ಒರಗಿ ಬರೆದವರಲ್ಲ. ಕ್ರಿ.ಶ. 69ರ ಜನವರಿ 15ರಂದು ಮುದುಕ ಚಕ್ರವರ್ತಿ ಗಾಲ್ಬಾನ ಕೊನೆಯ ದಿನ. ಅವನು ಕುಳಿತ ಪಲ್ಲಕ್ಕಿಯನ್ನು ತೂಗಾಡುವ ಜನಸಂದಣಿ ಅತ್ತಿಂದಿತ್ತ ತಳ್ಳುತ್ತಿತ್ತು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ತುರ್ಬಾ ಇದೆ, ಅದಕ್ಕೆ ಅಲೆಯ ಕ್ರಿಯಾಪದವೂ ಅಂಟಿದೆ. ಇಲ್ಲಿಯವರೆಗೆ ಎಲ್ಲರ ದಾರಿಯೇ. ಆಮೇಲೆ ಅವನು ಆ ಜನರ ಮುಖ ನೋಡುತ್ತಾನೆ. ಯಾರೂ ಮಾತಾಡುತ್ತಿಲ್ಲ, ಮುಖಗಳು ಸ್ತಬ್ಧ, ಕಿವಿಗಳು ಎಲ್ಲ ಕಡೆಗೂ ನೆಟ್ಟಿವೆ. ‘ತುಮುಲ್ತುಸ್ ಅಲ್ಲ, ನೆಮ್ಮದಿಯೂ ಅಲ್ಲ, ದೊಡ್ಡ ಭಯಕ್ಕೂ ದೊಡ್ಡ ಕೋಪಕ್ಕೂ ಇರುವಂಥ ಮೌನ.’ ಭಾಷೆಯಲ್ಲಿ ಇದ್ದ ಎರಡೂ ಪದಗಳನ್ನು ಬದಿಗೆ ಸರಿಸಿ, ಹೆಸರಿಲ್ಲದ ಮೂರನೆಯದನ್ನು ತೋರಿಸಿದ ವಾಕ್ಯ ಇದು. ಕಡಲಿನ ರೂಪಕದಲ್ಲಿ ಕಳೆದುಹೋಗಿದ್ದ ಜನರಿಗೆ ಇಲ್ಲಿ ಮತ್ತೆ ಕಣ್ಣು, ಕಿವಿ, ಕೋಪ ಎಲ್ಲ ಬಂದಿವೆ.

ಮನಸ್ಸಿನ ವಿಷಯದಲ್ಲಿ ಪದ ಕಟ್ಟುವ ಕೆಲಸ ದೊಡ್ಡ ಮಟ್ಟಿಗೆ ಸಿಸೆರೊನದೇ. ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಅವನ ಮಗಳು ತುಲ್ಲಿಯಾ ಹೆರಿಗೆಯ ನಂತರ ತೀರಿಕೊಂಡಳು. ಆ ದುಃಖದಲ್ಲಿ ಅವನು ಗ್ರೀಕ್ ತತ್ತ್ವಶಾಸ್ತ್ರವನ್ನು ಲ್ಯಾಟಿನ್ನಿಗೆ ತರಲು ಕುಳಿತ. ಗ್ರೀಕರು ಭಾವೋದ್ವೇಗಗಳನ್ನೆಲ್ಲ ಪಾಥೋಸ್ ಅನ್ನುತ್ತಿದ್ದರು. ಪದಕ್ಕೆ ಪದ ಇಟ್ಟರೆ ಮೊರ್ಬುಸ್, ಅಂದರೆ ರೋಗ, ಎಂದಾಗುತ್ತದೆ, ಆದರೆ ಕರುಣೆ, ಹಿಗ್ಗು ಇವನ್ನೆಲ್ಲ ರೋಗ ಅನ್ನುವುದು ನಮ್ಮ ಬಳಕೆಗೆ ಒಗ್ಗದು ಎಂದು ಅವನು ತೀರ್ಮಾನಿಸಿದ. ಆರಿಸಿದ್ದು ಪೆರ್ತುರ್ಬಾತಿಯೋ. ಅದರೊಳಗೆ ನಾವು ಆಗಲೇ ನೋಡಿದ ತುರ್ಬಾ ಇದೆ: ಆಳದವರೆಗೂ ಕದಡುವುದು. ಸ್ಟೋಯಿಕ್ ಪಂಥದ ದಾರ್ಶನಿಕರ ಲೆಕ್ಕದಂತೆ ಈ ಉದ್ವೇಗಗಳು ನಾಲ್ಕು. ಈಗಾಗಲೇ ಬಂದೆರಗಿದ ಕೇಡಿಗೆ ಅಳಲು, ಬರಲಿರುವ ಕೇಡಿಗೆ ಭಯ, ಕೈಗೆ ಸಿಕ್ಕ ಒಳಿತಿಗೆ ಅತಿಯಾದ ಹಿಗ್ಗು, ಸಿಗಲಿರುವ ಒಳಿತಿಗೆ ಆಸೆ. ಇವು ಇಲ್ಲದ ಸ್ಥಿತಿಯೇ ತ್ರಾಂಕ್ವಿಲ್ಲಿತಾಸ್. ಒಂದು ಸುಳಿಗಾಳಿಯೂ ಅಲೆ ಎಬ್ಬಿಸದ ಸಮುದ್ರ ಇದ್ದಂತೆ ಎಂದು ಅವನೇ ವಿವರಿಸುತ್ತಾನೆ. ಮಗಳನ್ನು ಕಳೆದುಕೊಂಡ ತಂದೆ, ಅಳಲು ಎಂಬುದು ಕದಡಿದ ನೀರು, ಅದು ತಿಳಿಯಾಗಬಲ್ಲದು ಎಂದು ನಂಬಲು ಬೇಕಾದ ಪದವನ್ನು ತಾನೇ ಹುಡುಕಿಕೊಂಡದ್ದು ನನ್ನನ್ನು ತಟ್ಟುತ್ತದೆ.

ಕವಿಗಳಿಗೆ ಪ್ರಿಯವಾದದ್ದು ಐಸ್ತುಸ್. ಬೇಗೆ, ಕುದಿತ, ಉಬ್ಬರವಿಳಿತ ಎಲ್ಲಕ್ಕೂ ಅದೊಂದೇ. ನಮ್ಮ ‘ಬೇಗುದಿ’ ಅದಕ್ಕೆ ತೀರ ಹತ್ತಿರ, ಆದರೆ ಬೇಗುದಿಯಲ್ಲಿ ಕಡಲಿಲ್ಲ. ವರ್ಜಿಲ್‌ನ ನಾಯಕ ಐನೇಯಾಸ್ ಯುದ್ಧದ ಚಿಂತೆಯ ಐಸ್ತುಸ್‌ನಲ್ಲಿ ತೂಗಾಡುತ್ತ ನಿದ್ದೆಗೆಡುತ್ತಾನೆ. ಅವನ ಮನಸ್ಸು ಕಂಚಿನ ಪಾತ್ರೆಯ ನೀರಿನಿಂದ ಚಿಮ್ಮಿದ ಬೆಳಕಿನ ಹಾಗೆ, ಸೂರ್ಯನದೋ ಚಂದ್ರನದೋ, ಕೋಣೆಯೆಲ್ಲ ಹಾರಾಡಿ ಮೇಲ್ಛಾವಣಿಗೆ ಬಡಿಯುತ್ತದೆ ಎನ್ನುತ್ತಾನೆ ಕವಿ. ಬಿರುಗಾಳಿಯ ಅಬ್ಬರದಿಂದ ಒಂದು ಪಾತ್ರೆಯ ನಡುಗುವ ನೀರಿಗೆ ಇಳಿದ ಕಲ್ಪನೆ ಇದು. ರೋಮಿನ ದಾರ್ಶನಿಕ ಸೆನೆಕನ ಒಂದು ಸಂವಾದದಲ್ಲಿ ಸೆರೇನುಸ್ ಎಂಬ ಗೆಳೆಯ ಇನ್ನೂ ನಿಖರ: ನನ್ನನ್ನು ಕಾಡುತ್ತಿರುವುದು ಬಿರುಗಾಳಿಯಲ್ಲ, ಹಡಗಿನ ವಾಕರಿಕೆ ಎನ್ನುತ್ತಾನೆ. ದೊಡ್ಡ ಆಪತ್ತೇನೂ ಇಲ್ಲದೆ ಸುಮ್ಮನೆ ನೆಲೆ ತಪ್ಪಿದ ಮನಸ್ಸನ್ನು ಇಷ್ಟು ಚೆನ್ನಾಗಿ ಹೇಳಿದವರು ಕಡಿಮೆ.

ಇನ್ನು ವ್ಯಾಕರಣ. ಈ ಪದಗಳಲ್ಲಿ ಎಷ್ಟೋ ಕ್ರಿಯಾಪದಗಳು ಒಂದೇ ಅಚ್ಚಿನಲ್ಲಿ ಬಂದಿವೆ. ಕನ್ನಡದಲ್ಲಿ ‘ಓಡು’ಗೆ ‘ಆಡು’ ಸೇರಿದರೆ ‘ಓಡಾಡು’. ಹೊರಳಾಡು, ತೂಗಾಡು, ತೊಳಲಾಡು, ಒದ್ದಾಡು ಎಲ್ಲವೂ ಹಾಗೇ. ಒಮ್ಮೆ ಆಗುವ ಕೆಲಸ ಮತ್ತೆ ಮತ್ತೆ ಆಗುತ್ತದೆ. ಲ್ಯಾಟಿನ್ನಿನಲ್ಲಿ ಈ ಕೆಲಸವನ್ನು ಒಂದು ತಕಾರ ಮಾಡುತ್ತದೆ. ಅಗೆರೆ ಅಂದರೆ ಓಡಿಸು, ನಡೆಸು. ಅಗಿತಾರೆ ಅಂದರೆ ಬಿಡದೆ ಅಟ್ಟಾಡಿಸು, ಅಲುಗಾಡಿಸು. ಇಂಗ್ಲಿಷಿನ ಆಜಿಟೇಶನ್ ಬಂದದ್ದು ಇದರಿಂದ. ಯಾಕೆರೆ ಎಸೆ ಎಂದಾದರೆ ಯಾಕ್ತಾರೆ ಎತ್ತೆತ್ತಿ ಎಸೆದಾಡು. ವೆಕ್ಸಾರೆ ಎಂಬುದು ಹೊರು, ಸಾಗಿಸು ಎಂಬರ್ಥದ ವೆಹೆರೆಯಿಂದ ಬಂದಿರಬೇಕು ಎಂದು ಎರಡನೆಯ ಶತಮಾನದ ರೋಮನ್ ಲೇಖಕ ಗೆಲ್ಲಿಯುಸ್ ಬರೆದಿದ್ದಾನೆ. ಹಡಗುಗಳನ್ನು ನುಚ್ಚುನೂರು ಮಾಡುವ ರಾಕ್ಷಸಿಯ ಬಗ್ಗೆ ವರ್ಜಿಲ್ ಈ ಪದ ಬಳಸಿದ್ದು ತೀರಾ ಸಪ್ಪೆ ಎಂದು ಕೆಲವರು ಆಕ್ಷೇಪಿಸಿದ್ದರು. ಇಲ್ಲ, ಇದು ಭಾರವಾದ ಪದವೇ, ಬೇರೆಯವರು ಹೊತ್ತೊಯ್ಯುವಾಗ ನಮ್ಮ ಮೇಲೆ ನಮಗೆ ಹಿಡಿತ ಇರುವುದಿಲ್ಲವಲ್ಲ ಎಂದು ಗೆಲ್ಲಿಯುಸ್ ಸಮರ್ಥಿಸಿದ. ಸೊಲ್ಲಿಕಿತಾರೆ ‘ಇಡಿಯಾಗಿ ಅಲುಗಿಸು’. ಅದು ಚಿಂತೆಗೂ ಓಲೈಕೆಗೂ ಹೆಸರಾಗಿ, ಹಲವು ಮನೆ ದಾಟಿ, ಸಾಲಿಸಿಟರ್ ಜನರಲ್ ಎಂಬ ಹುದ್ದೆಯಲ್ಲಿ ನೆಲೆಸಿದೆ.

ಇದೇ ಅಚ್ಚಿನ ಕೋಗಿತಾರೆ ಅಂದರೆ ಯೋಚಿಸು. ಡೆಕಾರ್ಟ್‌ನ ‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ಯ ಲ್ಯಾಟಿನ್ ರೂಪದ ಮೊದಲ ಪದ ಇದೇ. ಕೂಡಿಸು ಎಂಬರ್ಥದ ಕೋಗೆರೆಗೂ ಇದಕ್ಕೂ ಇರುವ ನಂಟು ಅಗೆರೆಗೂ ಅಗಿತಾರೆಗೂ ಇರುವಂಥದ್ದೇ ಎಂದು ಸಂತ ಅಗಸ್ಟೀನ್ ಕ್ರಿ.ಶ. 400ರ ಆಸುಪಾಸಿನಲ್ಲಿ ಬರೆದ. ನೆನಪಿನ ಮೂಲೆಗಳಲ್ಲಿ ಚದುರಿಬಿದ್ದದ್ದನ್ನು ಮತ್ತೆ ಮತ್ತೆ ಅಲುಗಿಸಿ ಒಟ್ಟುಗೂಡಿಸುವುದು ಎಂದರ್ಥ. ಮೂಲದಲ್ಲಿ ಏನನ್ನು ಬೇಕಾದರೂ ಎಲ್ಲಿ ಬೇಕಾದರೂ ಒಟ್ಟುಗೂಡಿಸಬಹುದಿತ್ತು. ಆದರೆ ಈ ಒಂದು ಪದವನ್ನು ಮನಸ್ಸು ತನ್ನದೇ ಎಂದು ಹಕ್ಕು ಸಾಧಿಸಿ ಇಟ್ಟುಕೊಂಡಿದೆ ಎನ್ನುತ್ತಾನೆ ಅಗಸ್ಟೀನ್.